ಟೈಟಾನಿಯಂ ಡೈವ್ ವಾಚ್ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಮುರುಡೇಶ್ವರದಿಂದ ದೋಣಿಯಲ್ಲಿ ಹೊರಟು ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದಿದ್ದೆ. ಹದಿನಾಲ್ಕು ಮೀಟರ್ ಆಳದಲ್ಲಿ ಹೊತ್ತು ನೋಡಲೆಂದು ಕೈ ಎತ್ತಿದರೆ ವಾಚಿನ ಗಾಜಿನ ಒಳಗಡೆ ಮಂಜು ಕಟ್ಟಿತ್ತು. ಡಯಲ್ ಮೇಲೆ 200 ಮೀಟರ್ ಎಂದು ಸ್ಪಷ್ಟವಾಗಿ ಅಚ್ಚಾಗಿದ್ದ, ಟೈಟಾನಿಯಂ ಕೇಸ್ (ಹೊರಕವಚ) ಇದ್ದ, ನಾನು ಬಹಳ ಅಭಿಮಾನದಿಂದ ಕೊಂಡಿದ್ದ ವಾಚು ಅದು. ದಡಕ್ಕೆ ಬಂದ ಮೇಲೆ ನುರಿತ ರಿಪೇರಿಗಾರರೊಬ್ಬರ ಬಳಿ ಬಿಚ್ಚಿಸಿ ನೋಡಿದಾಗ ಕಾರಣ ತಿಳಿಯಿತು: ಎರಡು ತಿಂಗಳ ಹಿಂದೆ ಬೇರೊಂದು ಕಡೆ ಸೆಲ್ ಬದಲಿಸಿಕೊಂಡಿದ್ದೆ; ಆಗ ಹಿಂದಿನ ಮುಚ್ಚಳ ಬಿಗಿಯುವಾಗ ಅದರಡಿಯ ರಬ್ಬರ್ ಉಂಗುರ ಮಡಚಿಕೊಂಡು ಒಂದು ಕಡೆ ಸೀಳಿಹೋಗಿತ್ತು. ಕೇಸಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಅಂದಿನಿಂದ ಟೈಟಾನಿಯಂ ಡೈವ್ ವಾಚಿನ ಬಗ್ಗೆ ಯಾರು ಸಲಹೆ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಈ ಲೋಹ ಮಣಿಕಟ್ಟಿನ ಭಾರವನ್ನು ಇಳಿಸುತ್ತದೆ, ತುಕ್ಕನ್ನು ದೂರವಿಡುತ್ತದೆ, ನೀರನ್ನು ತಡೆಯುವ ಕೆಲಸ ಒಳಗಿನ ರಬ್ಬರ್ ಉಂಗುರಗಳದ್ದು. ಇವೆರಡನ್ನೂ ಬೇರೆಬೇರೆಯಾಗಿ ನೋಡಿ, ತೂಗಿ, ಕೊಳ್ಳುವ ಕ್ರಮವನ್ನು ಮುಂದೆ ವಿವರಿಸಿದ್ದೇನೆ.

ಮೊದಲನೆಯ ಹೆಜ್ಜೆ: ನೀವು ಇಳಿಯುವ ಆಳವನ್ನು ಗೊತ್ತುಮಾಡಿಕೊಳ್ಳಿ

ವಾಚಿನ ಮೇಲಿನ ದೊಡ್ಡ ಅಂಕಿಗೆ ಮನಸೋಲುವ ಮೊದಲು ನೀವು ನಿಜವಾಗಿ ಎಷ್ಟು ಆಳಕ್ಕೆ ಇಳಿಯುತ್ತೀರಿ ಎಂಬುದನ್ನು ಬರೆದುಕೊಳ್ಳಿ. ಡೈವಿಂಗ್ ಕಲಿಸುವ ಪಾಡಿ ಸಂಸ್ಥೆಯ ಓಪನ್ ವಾಟರ್ ಎಂಬ ಮೊದಲ ಹಂತದ ತರಬೇತಿ ಮುಗಿಸಿದವರಿಗೆ 18 ಮೀಟರ್, ಅಡ್ವಾನ್ಸ್ಡ್ ತರಬೇತಿ ಪಡೆದವರಿಗೆ 30 ಮೀಟರ್ ಮಿತಿಯಿದ್ದು, ಹವ್ಯಾಸಿ ಡೈವಿಂಗ್‌ನ ಕೊನೆಯ ಗೆರೆ 40 ಮೀಟರ್. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು 1 ಬಾರ್ ಏರುವುದರಿಂದ, ಆ ಕೊನೆಯ ಗೆರೆಯಲ್ಲೂ ನೀರು ವಾಚಿನ ಮೇಲೆ ಹೇರುವ ಹೆಚ್ಚುವರಿ ಒತ್ತಡ ಸುಮಾರು 4 ಬಾರ್ ಮಾತ್ರ. 200 ಮೀಟರ್ ಗುರುತಿನ ಡೈವ್ ವಾಚು 20 ಬಾರ್ ತಡೆಯುವಂತೆ ತಯಾರಾಗಿರುತ್ತದೆ. ನೇತ್ರಾಣಿಯಲ್ಲಾಗಲಿ, ಅಂಡಮಾನ್, ಲಕ್ಷದ್ವೀಪ, ಪುದುಚೇರಿಗಳಲ್ಲಾಗಲಿ ತರಬೇತಿಯ ಮಿತಿಯೊಳಗೆ ಡೈವ್ ಮಾಡುವವರಿಗೆ ಅಷ್ಟು ಧಾರಾಳವಾಗಿ ಸಾಕು.

ನೀರಿನಲ್ಲಿ ಕೈ ಬೀಸಿದರೆ ಒತ್ತಡ ಹಲವು ಪಟ್ಟು ಏರುತ್ತದೆ, ಆದ್ದರಿಂದ 200 ಮೀಟರ್ ವಾಚು ಈಜುವುದಕ್ಕಷ್ಟೇ ಲಾಯಕ್ಕು ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದರೂ ಆ ಚಲನೆಯಿಂದ ಹೆಚ್ಚಾಗುವ ಒತ್ತಡ ಸುಮಾರು 1.3 ಮೀಟರ್ ನೀರಿನ ಆಳಕ್ಕೆ ಸಮ. ಡೈವ್ ಮಾಡುವಾಗ ಯಾರೂ ಅಷ್ಟು ವೇಗವಾಗಿ ಕೈ ಆಡಿಸುವುದೂ ಇಲ್ಲ. ಹಾಗಿದ್ದರೆ 50 ಮೀಟರ್ ಎಂದು ಬರೆದ ಮಾಮೂಲಿ ವಾಚನ್ನು ಕಟ್ಟಿಕೊಂಡು 20 ಮೀಟರ್ ಇಳಿಯಬಹುದೇ ಎಂದರೆ, ಇಳಿಯಬಾರದು. ಆ ಅಂಕಿ ಹೊಸ ಉಂಗುರಗಳಿದ್ದಾಗ ಪ್ರಯೋಗಾಲಯದಲ್ಲಿ ದೊರೆತದ್ದು. ಉಂಗುರ ಹಳೆಯದಾಗುವುದು, ಕ್ರೌನ್ (ಮುಳ್ಳು ತಿರುಗಿಸುವ ಪಕ್ಕದ ಗುಂಡಿ) ಯಾವುದಕ್ಕೋ ತಗುಲಿ ಈಚೆ ಬರುವುದು, ದೋಣಿಯ ಬಿಸಿಲಿನಿಂದ ಒಮ್ಮೆಲೇ ತಣ್ಣೀರಿಗೆ ಧುಮುಕುವುದು ಮುಂತಾದ ಡೈವಿಂಗ್‌ನ ನಿತ್ಯದ ಕಷ್ಟಗಳನ್ನು ಗಣನೆಗೆ ತೆಗೆದುಕೊಂಡು ಅಂಥ ವಾಚನ್ನು ಕಟ್ಟಿರುವುದಿಲ್ಲ.

ಇನ್ನು ಕೆಲವು ಡೈವ್ ವಾಚುಗಳ ಮೇಲೆ ಕಾಣುವ ಪ್ರೊಫೆಷನಲ್ ಎಂಬ ಪದ. ಇದರ ನಿಜವಾದ ಅರ್ಥವನ್ನು ತಿಳಿಯಲು 1968ರಲ್ಲಿ ಹಿರೋಶಿಮಾ ಪ್ರಾಂತದ ಕುರೆ ಎಂಬ ಊರಿನಿಂದ ಸೈಕೊ ಕಂಪನಿಗೆ ಬಂದ ಪತ್ರವನ್ನು ನೆನೆಯಬೇಕು. ವೃತ್ತಿಯಿಂದ ಡೈವರ್ ಆಗಿದ್ದ ಪತ್ರದ ಲೇಖಕರು, 300 ಮೀಟರಿಗಿಂತ ಆಳದ ಕೆಲಸದಲ್ಲಿ ಯಾವ ವಾಚೂ ಬಾಳುತ್ತಿಲ್ಲವೆಂದು ದೂರಿದ್ದರು. ಅಂಥ ಡೈವರ್‌ಗಳು ದಿನಗಟ್ಟಲೆ ಹೀಲಿಯಂ ಬೆರೆತ ಗಾಳಿಯ ಒತ್ತಡದ ಕೋಣೆಯಲ್ಲೇ ವಾಸಿಸುತ್ತಾರೆ. ಹೀಲಿಯಂನ ಅತಿ ಸಣ್ಣ ಕಣಗಳು ರಬ್ಬರ್ ಉಂಗುರಗಳ ಮೂಲಕವೇ ವಾಚಿನೊಳಗೆ ನುಸುಳುತ್ತವೆ. ಮೇಲೆ ಬರುವಾಗ ಕೋಣೆಯ ಒತ್ತಡ ಇಳಿಯುತ್ತಾ ಹೋದಂತೆ ಒಳಗೆ ಸಿಕ್ಕಿಕೊಂಡ ಅನಿಲ ಹಿಗ್ಗಿ ಗಾಜನ್ನೇ ಕಿತ್ತೆಸೆಯುತ್ತದೆ. ಇಕುವೊ ತೊಕುನಾಗಾ ಮತ್ತು ಅವರ ಸಂಗಡಿಗರು ಏಳು ವರ್ಷ ದುಡಿದು 1975ರಲ್ಲಿ ಹೊರತಂದ 600 ಮೀಟರ್‌ನ ವಾಚು ಜಗತ್ತಿನ ಮೊದಲ ಟೈಟಾನಿಯಂ ಡೈವ್ ವಾಚಾಯಿತು. ಹಿಂದಿನ ಮುಚ್ಚಳವೇ ಇಲ್ಲದ ಒಂದೇ ತುಂಡಿನ ಕೇಸ್ ಮತ್ತು ವಿಶೇಷ ಆಕಾರದ ಉಂಗುರದಿಂದ ಅವರು ಹೀಲಿಯಂ ಒಳಬರದಂತೆಯೇ ತಡೆದರು. ಬೇರೆ ಕೆಲವು ಕಂಪನಿಗಳು ಒಳಬಂದ ಅನಿಲವನ್ನು ಹೊರಬಿಡುವ ಕವಾಟವನ್ನು ಜೋಡಿಸಿದವು. ಮೊದಲ ಟೈಟಾನಿಯಂ ಡೈವ್ ವಾಚಿನ ಕಥೆಯಲ್ಲೂ ಹೆಚ್ಚು ತಲೆ ಕೆಡಿಸಿದ್ದು ಉಂಗುರವೇ ಎಂಬುದನ್ನು ಗಮನಿಸಿ. ಒತ್ತಡದ ಕೋಣೆಯಲ್ಲಿ ವಾಸಿಸದ ನಮಗೆ ಹೀಲಿಯಂ ಕವಾಟದ ಅಗತ್ಯವಿಲ್ಲ, ಅದಕ್ಕಾಗಿ ಹೆಚ್ಚಿನ ಹಣ ಕೊಡಬೇಕಾಗಿಯೂ ಇಲ್ಲ.

ಆಳದ ಅಂಕಿ ಏರಿದಂತೆ ಕೇಸಿನ ಗೋಡೆಯೂ ಗಾಜೂ ದಪ್ಪವಾಗುತ್ತವೆ, ಟೈಟಾನಿಯಂ ಉಳಿಸಿಕೊಟ್ಟ ಭಾರ ಅಲ್ಲಿಗೇ ಮರಳಿ ಬರುತ್ತದೆ. 2022ರ ರೋಲೆಕ್ಸ್ ಡೀಪ್‌ಸೀ ಚಾಲೆಂಜ್ ಟೈಟಾನಿಯಂನದ್ದೇ ಆದರೂ, 11,000 ಮೀಟರ್ ತಡೆಯಬೇಕಾದ್ದರಿಂದ 50 ಮಿಲಿಮೀಟರ್ ಅಗಲವಾಗಿದ್ದು 251 ಗ್ರಾಂ ತೂಗುತ್ತದೆ. ಹಗುರತನಕ್ಕಾಗಿ ಟೈಟಾನಿಯಂ ಬಯಸುವವರು 200ರಿಂದ 300 ಮೀಟರ್ ನಡುವೆಯೇ ನಿಲ್ಲುವುದು ಸರಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಇಂದು ನೀರಿನೊಳಗೆ ಡೈವರ್‌ನ ಮುಖ್ಯ ಸಾಧನ ಆಳವನ್ನೂ ಸಮಯವನ್ನೂ ತೋರಿಸುವ ಡೈವ್ ಕಂಪ್ಯೂಟರ್. ಮುಳ್ಳಿನ ವಾಚು ಆಳವನ್ನು ಹೇಳುವುದಿಲ್ಲ. ಕಂಪ್ಯೂಟರ್ ಕೈಕೊಟ್ಟಾಗ ನೀರಿಗಿಳಿದು ಎಷ್ಟು ನಿಮಿಷವಾಯಿತು, ಮೇಲೆ ಬರುವಾಗ ಸುರಕ್ಷತೆಗಾಗಿ ಐದು ಮೀಟರ್‌ನಲ್ಲಿ ನಿಲ್ಲುವ ಮೂರು ನಿಮಿಷದ ತಂಗುವಿಕೆ ಮುಗಿಯಿತೇ ಎಂಬುದನ್ನು ತಿಳಿಸುವ ಎರಡನೆಯ ಸಾಧನ ಅದು. ಆ ಕೆಲಸವನ್ನು ತಪ್ಪಿಲ್ಲದೆ ಮಾಡಬಲ್ಲ ವಾಚನ್ನೇ ನಾವು ಹುಡುಕುತ್ತಿದ್ದೇವೆ.

ಎರಡನೆಯ ಹೆಜ್ಜೆ: ಡಯಲ್ ಮತ್ತು ಬೆನ್ನಿನ ಬರಹವನ್ನು ಓದಿ

ವಾಚಿನ ಮೇಲೆ ವಾಟರ್ ರೆಸಿಸ್ಟೆಂಟ್ 200 ಮೀಟರ್ ಎಂದಿರುವುದಕ್ಕೂ ಡೈವರ್ಸ್ 200 ಮೀಟರ್ ಎಂದಿರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಸಾಮಾನ್ಯ ಜಲನಿರೋಧಕ ವಾಚುಗಳ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) 22810 ಮಾನದಂಡಕ್ಕೆ ಸೇರಿದ್ದು. ಡೈವರ್ಸ್ ಎಂಬ ಪದ ಐಎಸ್‌ಒ 6425 ಮಾನದಂಡವನ್ನು ಸೂಚಿಸುತ್ತದೆ. 2018ರಲ್ಲಿ ಪರಿಷ್ಕರಣೆಗೊಂಡ ಈ ಎರಡನೆಯ ಮಾನದಂಡದ ಪ್ರಕಾರ ವಾಚು ಕನಿಷ್ಠ 100 ಮೀಟರ್ ತಡೆಯಬೇಕು. ಬರೆದ ಆಳಕ್ಕಿಂತ ಶೇ 25ರಷ್ಟು ಹೆಚ್ಚಿನ ಒತ್ತಡದಲ್ಲಿ ಅದನ್ನು ಪರೀಕ್ಷಿಸಬೇಕು, ಎಂದರೆ 200 ಮೀಟರ್‌ನ ವಾಚು 250 ಮೀಟರ್‌ನ ಒತ್ತಡವನ್ನು ದಾಟಿ ಬರಬೇಕು. ಲೀಟರಿಗೆ 30 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ 24 ಗಂಟೆ ಇಟ್ಟು ತೆಗೆದ ಮೇಲೂ ಬೆಜೆಲ್ (ಗಾಜಿನ ಸುತ್ತ ತಿರುಗುವ ಬಳೆ) ಸಲೀಸಾಗಿ ತಿರುಗಬೇಕು, 40 ಡಿಗ್ರಿಯ ನೀರಿನಿಂದ 5 ಡಿಗ್ರಿಯ ನೀರಿಗೆ, ಅಲ್ಲಿಂದ ಮತ್ತೆ 40 ಡಿಗ್ರಿಗೆ ಹಾಕಿದರೂ ಒಳಗೆ ತೇವ ಸೇರಬಾರದು, ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯವೂ ವಾಚು ಓಡುತ್ತಿರುವುದೂ ಕಾಣಬೇಕು. ಸೆಲ್ ವಾಚಾದರೆ ಸೆಲ್ ಮುಗಿಯುತ್ತಿರುವುದನ್ನು ಮುಂಚೆಯೇ ತೋರಿಸಬೇಕು.

ಈ ಮುದ್ರೆ ಇಲ್ಲದ ವಾಚೆಲ್ಲ ಕಳಪೆ ಎಂದಲ್ಲ. ಉದಾಹರಣೆಗೆ, ಫ್ರೆಂಚ್ ನೌಕಾಪಡೆಯ ಈಜುಗಾರರಿಗಾಗಿ ರೂಪುಗೊಂಡ 2021ರ ಟ್ಯೂಡರ್ ಪೆಲಾಗೋಸ್ ಎಫ್‌ಎಕ್ಸ್‌ಡಿ ವಾಚಿನ ಬೆಜೆಲ್ ಎರಡೂ ಕಡೆ ತಿರುಗುತ್ತದೆ, ಏಕೆಂದರೆ ಅವರು ಅದನ್ನು ನೀರಿನಡಿಯಲ್ಲಿ ದಿಕ್ಕು ಹಿಡಿದು ಈಜುವ ಅವಧಿಯನ್ನು ಎಣಿಸಲು ಬಳಸುತ್ತಾರೆ. ಅದು ಅವರ ಕೆಲಸಕ್ಕೆ ಹೊಂದುವ ವಾಚು. ಆದರೆ ಮೊದಲ ಸಲ ಕೊಳ್ಳುವವರು ಐಎಸ್‌ಒ 6425 ಗುರುತಿರುವುದನ್ನೇ ಆರಿಸಿಕೊಂಡರೆ, ತಾವೇ ಪರೀಕ್ಷಿಸಲಾಗದ ಹತ್ತಾರು ಸಂಗತಿಗಳನ್ನು ಬೇರೆಯವರು ಪರೀಕ್ಷಿಸಿರುತ್ತಾರೆ ಎಂಬ ಧೈರ್ಯ ಇರುತ್ತದೆ.

ಮೂರನೆಯ ಹೆಜ್ಜೆ: ಯಾವ ಟೈಟಾನಿಯಂ ಎಂದು ಕೇಳಿ

ಜಗತ್ತಿನ ಮೊದಲ ಟೈಟಾನಿಯಂ ಕೈಗಡಿಯಾರ 1970ರ ಸಿಟಿಜನ್ ಎಕ್ಸ್-8 ಕ್ರೋನೋಮೀಟರ್. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಶುರುವಾದಾಗ ಸಹಯೋಗ ನೀಡಿದ್ದೂ ಇದೇ ಜಪಾನಿ ಕಂಪನಿ. ನಮ್ಮ ಮನೆಗಳಲ್ಲಿ ಬೆಳಗಾದರೆ ಕೀಲಿ ಕೊಡುತ್ತಿದ್ದ ವಾಚುಗಳ ತಲೆಮಾರಿಗೂ ಈ ಲೋಹದ ವಾಚಿಗೂ ಅಷ್ಟರಮಟ್ಟಿನ ನೆಂಟಸ್ತನವಿದೆ ಎಂಬುದು ನನಗೆ ಸಂತೋಷದ ಸಂಗತಿ.

ವಾಚುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಎರಡು ಬಗೆ. ಗ್ರೇಡ್ 2 ಎಂಬುದು ಬಹುತೇಕ ಶುದ್ಧ ಟೈಟಾನಿಯಂ. ಗ್ರೇಡ್ 5 ಎಂಬುದು ಸುಮಾರು ಶೇ 6 ಅಲ್ಯೂಮಿನಿಯಂ ಮತ್ತು ಶೇ 4 ವನೇಡಿಯಂ ಸೇರಿಸಿದ ಮಿಶ್ರಲೋಹ. ಸಾಂದ್ರತೆಯಲ್ಲಿ ಇವೆರಡಕ್ಕೂ ಹೆಚ್ಚು ಅಂತರವಿಲ್ಲ: ಘನ ಸೆಂಟಿಮೀಟರಿಗೆ ಸುಮಾರು 4.5 ಮತ್ತು 4.4 ಗ್ರಾಂ. ವಾಚಿನ ಸ್ಟೀಲು ಎನಿಸಿದ 316ಎಲ್‌ಗೆ ಇದೇ ಲೆಕ್ಕ ಸುಮಾರು 8 ಗ್ರಾಂ. ಆದ್ದರಿಂದ 100 ಗ್ರಾಂ ತೂಗುವ ಸ್ಟೀಲಿನ ಕೇಸು ಮತ್ತು ಚೈನನ್ನು ಅದೇ ಅಳತೆಯಲ್ಲಿ ಟೈಟಾನಿಯಂನಿಂದ ಮಾಡಿದರೆ 55 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಒಳಗಿನ ಯಂತ್ರ, ಗಾಜು, ಡಯಲ್ ಎಷ್ಟಿದ್ದವೋ ಅಷ್ಟೇ ಇರುತ್ತವೆ. ಹಾಗಾಗಿ ರಬ್ಬರ್ ಪಟ್ಟಿಯ ವಾಚಿನಲ್ಲಿ ಕಾಣುವ ವ್ಯತ್ಯಾಸಕ್ಕಿಂತ ಲೋಹದ ಚೈನಿನ ವಾಚಿನಲ್ಲಿ ವ್ಯತ್ಯಾಸ ಹೆಚ್ಚು ಕಾಣುತ್ತದೆ.

ಗೀರಿನ ವಿಷಯಕ್ಕೆ ಬಂದರೆ ಇವೆರಡೂ ಒಂದೇ ಅಲ್ಲ. ಗ್ರೇಡ್ 2ರ ಗಡಸುತನ ಸ್ಟೀಲಿನಷ್ಟೇ ಅಥವಾ ಅದಕ್ಕಿಂತ ತುಸು ಕಡಿಮೆ. ಗ್ರೇಡ್ 5ರದ್ದು ವಿಕರ್ಸ್ ಅಳತೆಯಲ್ಲಿ ಸುಮಾರು 350, ಅಂದರೆ ಸ್ಟೀಲಿನ ಹತ್ತಿರಹತ್ತಿರ ಎರಡರಷ್ಟು. ಆದರೆ ಕಡಲತೀರದ ಮರಳಿನಲ್ಲಿರುವ ಸ್ಫಟಿಕದ ಹರಳು ಇವೆಲ್ಲಕ್ಕಿಂತ ಗಡಸು. ಮರಳು ಮೆತ್ತಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಯಾವ ಗ್ರೇಡ್ ಆದರೂ ಗೀರು ಬೀಳುತ್ತದೆ. ಈ ಕಾರಣಕ್ಕೇ ಕೆಲವು ತಯಾರಕರು ಮೇಲ್ಮೈಯನ್ನು ಗಡಸುಗೊಳಿಸುತ್ತಾರೆ. ಸಿಟಿಜನ್‌ನ ಡ್ಯುರಾಟೆಕ್ಟ್ ಎಂಬ ಸಂಸ್ಕರಣೆ ಕೆಲವು ಮಾದರಿಗಳಲ್ಲಿ ವಿಕರ್ಸ್ 1000ವನ್ನು ದಾಟುತ್ತದೆ. ಗಡಸು ಪದರವಿರುವ ವಾಚನ್ನು ದಿನನಿತ್ಯ ಕಟ್ಟುವವರು ಆರಿಸಿಕೊಳ್ಳಲಿ. ಹೊಳಪಿಲ್ಲದ, ಮರಳು ಚಿಮ್ಮಿ ಮಂದಗೊಳಿಸಿದ ಗ್ರೇಡ್ 2 ಮೇಲ್ಮೈಯ ಮೇಲೆ ಸಣ್ಣ ಗೀರುಗಳು ಮೊದಮೊದಲು ಬೆಳ್ಳಗೆ ಎದ್ದು ಕಂಡರೂ, ಬಳಸುತ್ತಾ ಹೋದಂತೆ ಮಸುಕಾಗಿ ಬೆರೆತುಹೋಗುತ್ತವೆ ಎಂಬುದು ನನ್ನ ಅನುಭವ. ಕನ್ನಡಿಯಂತೆ ಹೊಳೆಯುವ ಟೈಟಾನಿಯಂ ನೋಡಲು ಸೊಗಸು, ಆದರೆ ಅದನ್ನು ಮತ್ತೆ ಪಾಲಿಶ್ ಮಾಡಬಲ್ಲವರು ವಿರಳ. ಕೆಲಸದ ವಾಚಿಗೆ ಮಂದ ಮೇಲ್ಮೈಯೇ ಒಳ್ಳೆಯದು.

ತುಕ್ಕಿನ ವಿಷಯದಲ್ಲಿ ಈ ಲೋಹಕ್ಕೆ ಎದುರಾಳಿ ಇಲ್ಲ. ಗಾಳಿ ತಗುಲಿದ ಕ್ಷಣದಲ್ಲೇ ಟೈಟಾನಿಯಂ ಮೈಮೇಲೆ ಆಕ್ಸೈಡಿನ ತೆಳುಪದರ ಕಟ್ಟಿಕೊಳ್ಳುತ್ತದೆ, ಗೀರು ಬಿದ್ದರೆ ಅಲ್ಲಿ ಹೊಸದು ಕಟ್ಟುತ್ತದೆ, ಸಮುದ್ರದ ಉಪ್ಪು ಅದನ್ನು ಭೇದಿಸಲಾರದು. ಕರಾವಳಿಯಲ್ಲಿ ಹಲವು ವರ್ಷ ಬಳಸಿದ ಸ್ಟೀಲಿನ ವಾಚೊಂದರ ಹಿಂದಿನ ಮುಚ್ಚಳವನ್ನು ಬಿಚ್ಚಿಸಿ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದ್ದೇನೆ: ಬೆವರೂ ಉಪ್ಪೂ ನಿಂತ ಸಂದಿನಲ್ಲಿ ಕಂದು ಪುಡಿ, ಅದರಡಿಯಲ್ಲಿ ಸೂಜಿಮೊನೆ ಚುಚ್ಚಿದಂಥ ಗುಳಿಗಳ ಸಾಲು, ರಬ್ಬರ್ ಉಂಗುರ ಕೂರಬೇಕಾದ ನಯವಾದ ಮೈ ಅಲ್ಲೇ ಕೊರೆದುಹೋಗಿತ್ತು. ಹೊಸ ಉಂಗುರ ಹಾಕಿದರೂ ಅಂಥ ವಾಚು ನೀರನ್ನು ತಡೆಯುವುದಿಲ್ಲ. ಉಂಗುರ ಕೂರುವ ಜಾಗವನ್ನು ವರ್ಷಾನುಗಟ್ಟಲೆ ನಯವಾಗಿ ಕಾಯುವುದು ಟೈಟಾನಿಯಂನ ನಿಜವಾದ ಉಪಕಾರ ಎಂದು ನಾನು ತಿಳಿದದ್ದು ಆಗ. ಆದರೆ ಹಿಂದಿನ ಮುಚ್ಚಳವೂ ಟೈಟಾನಿಯಂನದ್ದೇ ಎಂದು ಕೇಳಿ ತಿಳಿದುಕೊಳ್ಳಿ. ಹೆಸರಾಂತ ಟ್ಯೂಡರ್ ಪೆಲಾಗೋಸ್‌ನ 500 ಮೀಟರ್ ಮಾದರಿಯಲ್ಲೂ ಹಿಂದಿನ ಮುಚ್ಚಳ ಸ್ಟೀಲಿನದ್ದು. ನಿಕ್ಕಲ್‌ನಿಂದ ಚರ್ಮ ಕೆರೆಯುವವರು ಈ ಪ್ರಶ್ನೆಯನ್ನು ಬಿಡಲೇಬಾರದು, ಏಕೆಂದರೆ ಚರ್ಮಕ್ಕೆ ತಾಗುವುದು ಆ ಮುಚ್ಚಳ ಮತ್ತು ಪಟ್ಟಿಯ ಬಕಲ್.

ಬೆಲೆ ಯಾಕೆ ಹೆಚ್ಚು ಎಂದು ಕೇಳುವವರಿದ್ದಾರೆ. ಟೈಟಾನಿಯಂ ಅಪರೂಪದ ಲೋಹವಲ್ಲ. ಕೇರಳದ ಕೊಲ್ಲಂ ಬಳಿಯ ಚವರದ ಕಡಲ ಮರಳಿನಲ್ಲೇ ಅದರ ಅದಿರಾದ ಇಲ್ಮನೈಟ್ ಹೇರಳವಾಗಿದೆ. ಅದಿರಿನಿಂದ ಲೋಹವನ್ನು ಬೇರ್ಪಡಿಸುವುದು ಕಷ್ಟ, ಕೊರೆಯುವಾಗ ಶಾಖ ಹೊರಹೋಗದೆ ಉಪಕರಣಗಳು ಬೇಗ ಸವೆಯುತ್ತವೆ. ನೀವು ಕೊಡುವ ಹೆಚ್ಚಿನ ದುಡ್ಡು ಹೋಗುವುದು ಅಲ್ಲಿಗೆ.

ನಾಲ್ಕನೆಯ ಹೆಜ್ಜೆ: ಕ್ರೌನನ್ನು ನಿಮ್ಮ ಬೆರಳಿನಿಂದಲೇ ಪರೀಕ್ಷಿಸಿ

ಡೈವ್ ವಾಚಿನ ಕ್ರೌನ್ ತಿರುಪಿನಂತೆ ಬಿಗಿಯುವಂಥದ್ದಾಗಿರಬೇಕು. ಅಂಗಡಿಯಲ್ಲಿ ಅದನ್ನು ನಿಮ್ಮ ಕಡೆಗೆ ತಿರುಗಿಸಿ ಬಿಚ್ಚಿ. ಕೊನೆಯ ಸುತ್ತಿನಲ್ಲಿ ಅದು ಸ್ಪ್ರಿಂಗ್ ಬಲದಿಂದ ತಾನೇ ಈಚೆಗೆ ಚಿಮ್ಮಬೇಕು. ಮತ್ತೆ ಬಿಗಿಯುವಾಗ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿದು ಮೊದಲು ಅರ್ಧ ಸುತ್ತು ಬಿಚ್ಚುವ ದಿಕ್ಕಿಗೇ ತಿರುಗಿಸಿ. ಥ್ರೆಡ್ಡಿನ ತುದಿಗಳು ಒಂದಕ್ಕೊಂದು ಕೂರುವಾಗ ಬೆರಳಿಗೆ ಸಣ್ಣದೊಂದು ಟಕ್ ಎಂಬ ಮಿಡಿತ ತಿಳಿಯುತ್ತದೆ. ಆಮೇಲೆ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಅದು ಬೆಣ್ಣೆಯಲ್ಲಿ ಜಾರಿದಂತೆ ಒಳಗೆ ಹೋಗಬೇಕು. ಮರಳು ಅರೆದಂತೆ ಗರಗರ ಎಂದರೆ, ನಡುವೆ ಸಿಕ್ಕಿಕೊಂಡರೆ, ಆ ವಾಚನ್ನು ಬಿಟ್ಟು ಇನ್ನೊಂದನ್ನು ಕೇಳಿ. ಟೈಟಾನಿಯಂ ಮೇಲೆ ಟೈಟಾನಿಯಂ ಉಜ್ಜಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುವ ಗುಣ ಈ ಲೋಹಕ್ಕಿದೆ. ಆದ್ದರಿಂದ ಕ್ರೌನನ್ನಾಗಲಿ ಚೈನಿನ ತಿರುಪುಗಳನ್ನಾಗಲಿ ಎಂದೂ ಬಲವಂತವಾಗಿ ತಿರುಗಿಸಬಾರದು. ಈ ಅರ್ಧ ಸುತ್ತಿನ ಅಭ್ಯಾಸವನ್ನು ಮಾಡಿಕೊಂಡವರ ವಾಚಿನ ಥ್ರೆಡ್ ಬಹುಕಾಲ ಬಾಳುತ್ತದೆ.

ಕ್ರೌನಿನ ಎರಡೂ ಬದಿಗೆ ಕೇಸಿನಿಂದಲೇ ಎದ್ದ ರಕ್ಷಣೆಯ ಭುಜಗಳಿದ್ದರೆ ಒಳ್ಳೆಯದು. ಆದರೆ ಕೈಗವಸಿನ ಬೆರಳು ನುಗ್ಗದಷ್ಟು ಅವು ಇಕ್ಕಟ್ಟಾಗಿರಬಾರದು. ಗಾಜು ನೀಲಮಣಿಯ ಹರಳಿನದ್ದಾಗಿದ್ದು, ಪ್ರತಿಫಲನ ತಡೆಯುವ ಲೇಪ ಒಳಮೈಗೆ ಇದ್ದರೆ ಸಾಕು. ಹೊರಮೈಯ ಲೇಪ ಉಜ್ಜಿದಂತೆ ತೇಪೆತೇಪೆಯಾಗಿ ಏಳುತ್ತದೆ.

ಐದನೆಯ ಹೆಜ್ಜೆ: ಒದ್ದೆ ಕೈಯಲ್ಲಿ ಬೆಜೆಲ್, ಕತ್ತಲಲ್ಲಿ ಡಯಲ್

ಈ ಹೆಜ್ಜೆಗೆ ಅಂಗಡಿಯಲ್ಲಿ ಕನಿಷ್ಠ ಕಾಲು ಗಂಟೆ ಮೀಸಲಿಡಿ. ಬೆಜೆಲ್ಲಿನ ಕೆಲಸ ಸರಳವಾದದ್ದು: ನೀರಿಗಿಳಿಯುವಾಗ ಅದರ ಮೇಲಿನ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ತಂದಿಟ್ಟರೆ, ಆಮೇಲೆ ಮುಳ್ಳು ಬೆಜೆಲ್ಲಿನ ಯಾವ ಅಂಕಿಯ ಎದುರಿದೆಯೋ ಅಷ್ಟು ನಿಮಿಷ ಕಳೆದಿದೆ ಎಂದರ್ಥ. ಅದು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಮಾತ್ರ ತಿರುಗುವಂತೆ ಮಾಡಿರುವುದಕ್ಕೆ ಕಾರಣವಿದೆ. ಬಂಡೆಗೋ ದೋಣಿಯ ಏಣಿಗೋ ತಗುಲಿ ಜರುಗಿದರೂ ಕಳೆದ ಸಮಯ ಹೆಚ್ಚಾಗಿ ಕಾಣುತ್ತದೆಯೇ ಹೊರತು ಕಡಿಮೆಯಾಗಿ ಕಾಣುವುದಿಲ್ಲ. ಗಾಳಿ ಉಳಿದಿರುವಾಗಲೇ ನೀವು ಮೇಲೆ ಬರುತ್ತೀರಿ.

ಅಂಗಡಿಯವರನ್ನು ಕೇಳಿ ಒಂದು ಲೋಟ ನೀರು ತರಿಸಿಕೊಂಡು ಬೆರಳುಗಳನ್ನು ಅದ್ದಿ, ಒದ್ದೆ ಬೆರಳಿನಲ್ಲೇ ಬೆಜೆಲ್ ತಿರುಗಿಸಿ ನೋಡಿ. ಬಹಳ ಮಂದಿ ಇದಕ್ಕೆ ನಾಚುತ್ತಾರೆ, ನಾಚಬೇಕಾಗಿಲ್ಲ. ಒಣ ಕೈಗೆ ಸೊಗಸಾಗಿ ಸಿಗುವ ನಯವಾದ ಅಂಚು ಒದ್ದೆ ಕೈಗೆ ಜಾರುತ್ತದೆ. ಆಳವಾದ ಹಲ್ಲುಗಳಿರುವ ಅಂಚು ಕೈಗವಸಿನಲ್ಲೂ ಸಿಗುತ್ತದೆ. ತಿರುಗಿಸಿ ಬಿಟ್ಟ ಮೇಲೆ ಅದು ಹಿಂದಕ್ಕೆ ಜಗ್ಗಬಾರದು, ತ್ರಿಕೋನ ಹನ್ನೆರಡರ ಗೆರೆಗೆ ಸರಿಯಾಗಿ ಕೂರಬೇಕು. ಬೆಜೆಲ್ ಮತ್ತು ಕೇಸಿನ ನಡುವಿನ ಸಂದಿಗೆ ಉಪ್ಪು ಸೇರಿ ಗಟ್ಟಿಯಾಗುವುದು ಸಾಮಾನ್ಯವಾದ್ದರಿಂದ, ಅದನ್ನು ಬಿಚ್ಚಿ ಸ್ವಚ್ಛಮಾಡಲು ಬರುತ್ತದೆಯೇ ಎಂದೂ ವಿಚಾರಿಸಿ.

ಡಯಲ್ ವಿಷಯದಲ್ಲಿ ಅಂಗಡಿಯ ಬೆಳಕು ಮೋಸ ಮಾಡುತ್ತದೆ. ನೀರು ಮೊದಲು ನುಂಗುವ ಬಣ್ಣ ಕೆಂಪು. ಕೆಲವೇ ಮೀಟರ್ ಆಳದಲ್ಲಿ ಕೆಂಪು ಮುಳ್ಳು ಬೂದುಗಪ್ಪಾಗಿ ಕಪ್ಪು ಡಯಲ್ಲಿನಲ್ಲಿ ಕರಗಿಹೋಗುತ್ತದೆ. ಬಣ್ಣವನ್ನು ನಂಬದೆ ಕಪ್ಪು–ಬಿಳುಪಿನ ಅಂತರವನ್ನೂ ಆಕಾರವನ್ನೂ ನಂಬಿ. ನಿಮಿಷದ ಮುಳ್ಳು ಗಂಟೆಯ ಮುಳ್ಳಿಗಿಂತ ಅಗಲವಾಗಿ, ಬೇರೆಯೇ ಆಕಾರದಲ್ಲಿ ಇರಬೇಕು, ಏಕೆಂದರೆ ನೀರಿನೊಳಗೆ ನಿಮಗೆ ಬೇಕಾದದ್ದು ಅದೊಂದೇ. ಆಮೇಲೆ ಫೋನಿನ ಟಾರ್ಚನ್ನು ಒಂದು ನಿಮಿಷ ಡಯಲ್ ಮೇಲೆ ಬಿಟ್ಟು, ಎರಡೂ ಅಂಗೈಗಳ ಬೊಗಸೆಯಲ್ಲಿ ವಾಚನ್ನು ಮುಚ್ಚಿ ಹೆಬ್ಬೆರಳ ಸಂದಿನಿಂದ ಇಣುಕಿ. ನಿಮಿಷದ ಮುಳ್ಳು, ಬೆಜೆಲ್ಲಿನ ತ್ರಿಕೋನ, ಓಡುತ್ತಿರುವ ಸೆಕೆಂಡಿನ ಮುಳ್ಳು ಮೂರೂ ಹೊಳೆಯುತ್ತಿರಬೇಕು. ಸೆಕೆಂಡಿನ ಮುಳ್ಳು ಹೊಳೆಯದಿದ್ದರೆ ವಾಚು ನಿಂತಿದೆಯೋ ನಡೆಯುತ್ತಿದೆಯೋ ಕತ್ತಲಲ್ಲಿ ತಿಳಿಯುವ ಬಗೆಯಿಲ್ಲ. ಹತ್ತು ನಿಮಿಷ ಬೇರೆ ವಾಚು ನೋಡಿ ಬಂದು ಮತ್ತೊಮ್ಮೆ ಇಣುಕಿ. ಮೊದಲ ಕ್ಷಣದ ಹೊಳಪು ಎಲ್ಲ ವಾಚಿಗೂ ಇರುತ್ತದೆ, ಉಳಿಯುವುದು ಕೆಲವಕ್ಕೆ ಮಾತ್ರ.

ಆರನೆಯ ಹೆಜ್ಜೆ: ಅಳತೆ ಮತ್ತು ಪಟ್ಟಿ

ಕೇಸಿನ ಅಗಲಕ್ಕಿಂತ, ಪಟ್ಟಿ ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ ಮುಖ್ಯ. ಅದು ಮಣಿಕಟ್ಟಿನ ಮೇಲ್ಭಾಗದ ಅಗಲವನ್ನು ಮೀರಿದರೆ ವಾಚು ಹಗುರವಾಗಿದ್ದರೂ ಓಲಾಡುತ್ತದೆ. ನಮ್ಮಲ್ಲಿನ ಸಾಧಾರಣ ಮಣಿಕಟ್ಟಿಗೆ 39ರಿಂದ 42 ಮಿಲಿಮೀಟರ್ ಕೇಸ್ ಹೊಂದುತ್ತದೆ. 2022ರಲ್ಲಿ ಬಂದ ಟ್ಯೂಡರ್ ಪೆಲಾಗೋಸ್ 39 ಮಾದರಿಯು ಅಣ್ಣನಾದ 500 ಮೀಟರ್ ವಾಚಿನ ಹೀಲಿಯಂ ಕವಾಟವನ್ನು ಬಿಟ್ಟು, 200 ಮೀಟರಿಗೆ ಇಳಿದು, ಗ್ರೇಡ್ 2 ಟೈಟಾನಿಯಂನಲ್ಲಿ ಚಿಕ್ಕದಾಯಿತು. ಇದು ನನಗೆ ಬಹಳ ವಿವೇಕದ ನಿರ್ಧಾರವಾಗಿ ಕಾಣುತ್ತದೆ. ಅಷ್ಟು ಹಣ ಹೂಡಲಾಗದವರು ಸಿಟಿಜನ್ ಪ್ರೊಮಾಸ್ಟರ್ ಸಾಲಿನ 41 ಮಿಲಿಮೀಟರ್, 200 ಮೀಟರ್‌ನ ಆಟೋಮ್ಯಾಟಿಕ್ ಟೈಟಾನಿಯಂ ವಾಚನ್ನು ನೋಡಬಹುದು. ಇದಕ್ಕೆ ಫುಜಿತ್ಸುಬೊ, ಅಂದರೆ ಜಪಾನಿ ಭಾಷೆಯಲ್ಲಿ ಬಂಡೆಗೆ ಅಂಟುವ ಚಿಪ್ಪುಜೀವಿ, ಎಂಬ ಅಡ್ಡಹೆಸರಿದೆ. ಇದೇ ಕಂಪನಿಯ 1977ರ ಡೈವ್ ವಾಚೊಂದು 1983ರಲ್ಲಿ ಆಸ್ಟ್ರೇಲಿಯಾದ ಲಾಂಗ್ ರೀಫ್ ಕಡಲತೀರದಲ್ಲಿ ಮೈತುಂಬ ಚಿಪ್ಪುಜೀವಿಗಳು ಅಂಟಿಕೊಂಡ ಸ್ಥಿತಿಯಲ್ಲಿ ಸಿಕ್ಕಿತ್ತು, ಆಗಲೂ ಅದು ಓಡುತ್ತಿತ್ತು.

ಬೆಚ್ಚನೆಯ ನಮ್ಮ ನೀರಿನಲ್ಲಿ 3 ಮಿಲಿಮೀಟರ್ ದಪ್ಪದ ಡೈವಿಂಗ್ ಉಡುಪು ಸಾಕಾಗುತ್ತದೆ. ಚೈನಿನ ಬಕಲ್ಲಿನಲ್ಲಿ ಉದ್ದ ಹೆಚ್ಚಿಸುವ ಕೊಂಡಿ ಇದ್ದರೆ ಉಡುಪಿನ ಮೇಲೂ ಅದನ್ನೇ ಕಟ್ಟಬಹುದು. ಆಳಕ್ಕೆ ಇಳಿದಂತೆ ಆ ಉಡುಪು ಒತ್ತಡಕ್ಕೆ ತೆಳುವಾಗಿ ಪಟ್ಟಿ ಸಡಿಲವಾಗುತ್ತದೆ. ಮೊದಲ ಟೈಟಾನಿಯಂ ಡೈವ್ ವಾಚಿಗೆ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿದ್ದ ಪಟ್ಟಿಯನ್ನು ಹಾಕಿದ್ದು ಇದಕ್ಕಾಗಿಯೇ. ಕೇಸಿನ ಎರಡೂ ತುದಿಯಲ್ಲಿ ಪಟ್ಟಿಯನ್ನು ಹಿಡಿದಿಡುವ ಸಣ್ಣ ಕಡ್ಡಿಗಳಾದ ಸ್ಪ್ರಿಂಗ್ ಬಾರ್‌ಗಳ ಕೆಳಗೆ ಒಂದೇ ಪಟ್ಟಿ ಹಾದುಹೋಗುವ ನೈಲಾನ್ ಪಟ್ಟಿಯಲ್ಲಿ ಒಂದು ಬಾರ್ ಮುರಿದರೂ ವಾಚು ಕೈಯಲ್ಲೇ ಉಳಿಯುತ್ತದೆ. ಡೈವ್ ಮಾಡುವ ದಿನ ನಾನು ಕಟ್ಟುವುದು ಅದನ್ನೇ.

ಏಳನೆಯ ಹೆಜ್ಜೆ: ಒಳಗಿನ ಯಂತ್ರ

ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಸೂರ್ಯನ ಬೆಳಕಿನಿಂದ ಚಾರ್ಜ್ ಆಗುವ ಕ್ವಾರ್ಟ್ಜ್ ವಾಚಿನ ಮುಚ್ಚಳವನ್ನು ಸೆಲ್ಲಿಗಾಗಿ ಪದೇಪದೇ ತೆರೆಯಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಡೈವಿಂಗ್‌ಗೆ ಅದು ಅತ್ಯುತ್ತಮ. ನನ್ನ ವಾಚಿಗೆ ನೀರು ನುಗ್ಗಿದ್ದು ಹಾಗೆ ತೆರೆಸಿದ್ದರಿಂದಲೇ. ಆಟೋಮ್ಯಾಟಿಕ್ ವಾಚು ದಿನಕ್ಕೆ ಕೆಲವು ಸೆಕೆಂಡು ಹಿಂದೆಮುಂದೆ ಆದರೂ ಒಂದು ಗಂಟೆಯ ಡೈವ್‌ಗೆ ಅದರಿಂದ ಬಾಧಕವಿಲ್ಲ. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ವಾಚಿಗೂ ಅಯಸ್ಕಾಂತದ ಭಯವಿಲ್ಲ ಎಂದು ತಿಳಿಯಬೇಡಿ. ಕೇಸು ಆ ಬಲವನ್ನು ತಡೆಯುವುದಿಲ್ಲ, ಒಳಗಿನ ಉಕ್ಕಿನ ಭಾಗಗಳಿಗೆ ಅದು ತಟ್ಟುತ್ತದೆ.

ಎಂಟನೆಯ ಹೆಜ್ಜೆ: ಹಣ ಕೊಡುವ ಮುನ್ನ

ಹೊಸ ವಾಚಾದರೆ ಬಿಲ್ಲು, ಮುದ್ರೆ ಒತ್ತಿದ ವಾರಂಟಿ ಕಾರ್ಡು, ಕೇಸಿನ ಬೆನ್ನಿನ ಸಂಖ್ಯೆ ಮೂರನ್ನೂ ತಾಳೆ ನೋಡಿ. ಉಂಗುರ ಬದಲಿಸಿ ಒತ್ತಡದ ಪರೀಕ್ಷೆ ಮಾಡುವ ಯಂತ್ರ ನಿಮ್ಮ ಊರಿನ ಸರ್ವಿಸ್ ಸೆಂಟರಿನಲ್ಲೇ ಇದೆಯೇ, ಅಥವಾ ವಾಚನ್ನು ಹೊರಗೆ ಕಳಿಸುತ್ತಾರೆಯೇ, ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ. ಈ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಎಂಥ ಒಳ್ಳೆಯ ವಾಚಾದರೂ ನಾನು ಕೊಳ್ಳುವುದಿಲ್ಲ.

ಬಳಸಿದ ವಾಚನ್ನು ಕೊಳ್ಳುವುದಾದರೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ; ಐಎಸ್‌ಒ ಮಾನದಂಡದಲ್ಲೂ ಇದೇ ಬಗೆಯ ಪರೀಕ್ಷೆ ಇದೆ. ಕುಡಿಯಬಹುದಾದಷ್ಟು ಬಿಸಿಯಿರುವ ನೀರಿನ ಲೋಟದ ಹೊರಮೈಗೆ ವಾಚಿನ ಬೆನ್ನನ್ನು ಒತ್ತಿ ಹತ್ತು ನಿಮಿಷ ಹಿಡಿಯಿರಿ. ಕೇಸು ಬೆಚ್ಚಗಾದ ಮೇಲೆ ಗಾಜಿನ ನಡುವೆ ಒಂದು ತೊಟ್ಟು ತಣ್ಣೀರು ಇಟ್ಟು, ಒಂದು ನಿಮಿಷ ಬಿಟ್ಟು ಒರೆಸಿ. ತೊಟ್ಟು ಇದ್ದ ಜಾಗದಲ್ಲಿ ಗಾಜಿನ ಒಳಮೈಗೆ ಮಂಜಿನ ಬೊಟ್ಟು ಕಂಡರೆ ಒಳಗೆ ಈಗಾಗಲೇ ತೇವ ಸೇರಿದೆ ಎಂದು ತಿಳಿಯಿರಿ. ಮಂಜು ಕಾಣದಿದ್ದರೂ ಒತ್ತಡದ ಪರೀಕ್ಷೆ ಮಾಡಿಸದೆ ನೀರಿಗೆ ಇಳಿಸಬೇಡಿ.

ನೀರಿಗಿಳಿಯುವ ಮುನ್ನ ಮತ್ತು ಮೇಲೆ ಬಂದ ಬಳಿಕ

ದೋಣಿ ಹತ್ತುವ ಮೊದಲೇ ಸಮಯ ಸರಿಪಡಿಸಿ ಕ್ರೌನ್ ಬಿಗಿದುಬಿಡಿ. ಒದ್ದೆಯಾದ ಮೇಲೆ ಅದನ್ನು ಮುಟ್ಟಬೇಡಿ. ದೋಣಿಯ ಹಲಗೆಯ ಮೇಲೆ ಬಿಸಿಲಿಗೆ ವಾಚನ್ನು ಬಿಚ್ಚಿಡಬೇಡಿ. ಮೇಲೆ ಬಂದ ಮೇಲೆ ಸಿಹಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ನೀರಿನೊಳಗೇ ಬೆಜೆಲ್ಲನ್ನು ಎರಡು ಪೂರ್ಣ ಸುತ್ತು ತಿರುಗಿಸಿದರೆ ಸಂದಿನ ಉಪ್ಪು ಕರಗುತ್ತದೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನಿನ ಕೊಂಡಿಗಳನ್ನೂ ಸ್ಪ್ರಿಂಗ್ ಬಾರ್‌ಗಳ ತುದಿಯನ್ನೂ ಉಜ್ಜಿ. ಟೈಟಾನಿಯಂ ತುಕ್ಕು ಹಿಡಿಯದಿದ್ದರೂ ಆ ಬಾರ್‌ಗಳು ಬಹಳ ವಾಚುಗಳಲ್ಲಿ ಸ್ಟೀಲಿನವೇ ಆಗಿರುತ್ತವೆ. ಬಿಸಿನೀರಿನ ಸ್ನಾನಕ್ಕೆ, ಹಬೆಯ ಕೋಣೆಗೆ ವಾಚನ್ನು ಒಯ್ಯಬೇಡಿ, ಶಾಖಕ್ಕೆ ರಬ್ಬರ್ ಬೇಗ ಗಡುಸಾಗಿ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ.

ವರ್ಷಕ್ಕೊಮ್ಮೆ, ಡೈವಿಂಗ್ ಕಾಲ ಆರಂಭವಾಗುವ ಮೊದಲು, ಒತ್ತಡದ ಪರೀಕ್ಷೆ ಮಾಡಿಸಿ. ನೇತ್ರಾಣಿಗೆ ಹೋಗುವವರಾದರೆ ಮಳೆಗಾಲ ಮುಗಿದು ದೋಣಿಗಳು ಹೊರಡುವ ಮುನ್ನ, ಸೆಪ್ಟೆಂಬರ್ ಹೊತ್ತಿಗೆ ಮಾಡಿಸಿದರೆ ಅನುಕೂಲ. ಮುಚ್ಚಳವನ್ನು ಯಾವ ಕಾರಣಕ್ಕೆ ತೆರೆದರೂ ಉಂಗುರವನ್ನು ಹೊಸದಾಗಿ ಹಾಕಿಸಿ, ಅದಕ್ಕೆ ಸಿಲಿಕೋನ್ ಗ್ರೀಸ್ ಸವರಿಸಿ, ಪರೀಕ್ಷೆಯ ಚೀಟಿ ಪಡೆದುಕೊಂಡೇ ಬನ್ನಿ. ನನ್ನ ವಾಚಿನ ಪೆಟ್ಟಿಗೆಯಲ್ಲಿ ಈಗ ಅಂಥ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೇನೆ. ಕೊನೆಯ ಚೀಟಿಗೆ ಹನ್ನೆರಡು ತಿಂಗಳು ಮೀರಿದ್ದರೆ ವಾಚನ್ನು ಮನೆಯಲ್ಲೇ ಬಿಟ್ಟು ದೋಣಿ ಹತ್ತುತ್ತೇನೆ.